ಗ್ರಾಜ್ ಊರಿನಲ್ಲಿ ಮೂವತ್ತೊಂದು ಕಂಬಳಿ

ಶ್ರೀರಾಂಪುರ, ಬಸ್ಸು ಹತ್ತುವ ಮುಂಚೆ

ಹೊರದೇಶಕ್ಕೆ ಹೋಗಿ ಬಂದವರು ಬರೆಯಲು ಕುಳಿತರೆ ಅಲ್ಲಿನ ರಸ್ತೆ ಎಷ್ಟು ಚೊಕ್ಕ, ಜನಕ್ಕೆ ಎಷ್ಟು ಶಿಸ್ತು, ನಾವು ಇದನ್ನೆಲ್ಲ ಯಾವ ಕಾಲಕ್ಕೆ ಕಲಿಯುತ್ತೇವೋ ಎಂದು ನಿಟ್ಟುಸಿರು ಬಿಟ್ಟು ಮುಗಿಸುತ್ತಾರೆ. ನನ್ನಿಂದ ಆ ನಿಟ್ಟುಸಿರು ನಿರೀಕ್ಷಿಸಬೇಡಿ. ರಸ್ತೆ ಚೊಕ್ಕವಾಗಿತ್ತು, ಒಪ್ಪಿಕೊಳ್ಳುತ್ತೇನೆ. ಆದರೆ ನಾನು ಮತ್ತು ನನ್ನ ಒಬ್ಬ ವಿದ್ಯಾರ್ಥಿನಿ ಆಸ್ಟ್ರಿಯಾ ದೇಶಕ್ಕೆ ಹೋಗಿ ಜಗಳ ಆಡಿ ಬಂದಿದ್ದೇವೆ. ಜಗಳ ಯಾಕಾಯಿತು, ಅದರಲ್ಲಿ ನನ್ನ ತಪ್ಪೆಷ್ಟು ಎಂದು ಊರಿನವರಿಗೆ ನಾನೇ ಹೇಳಿಬಿಡುವುದು ವಾಸಿ.

ನಾನು ಹೊಸದುರ್ಗ ತಾಲ್ಲೂಕಿನಲ್ಲಿ, ಶ್ರೀರಾಂಪುರದಿಂದ ಸ್ವಲ್ಪ ಒಳಗಿರುವ ಸರ್ಕಾರಿ ಹೈಸ್ಕೂಲಿನಲ್ಲಿ ಸಮಾಜ ವಿಜ್ಞಾನ ಹೇಳಿಕೊಡುವವಳು. ತವರು ತುರುವನೂರು. ಸಿಟ್ಟು ನನ್ನ ಮೂಗಿನ ತುದಿಯಲ್ಲೇ ಇರುತ್ತದೆ. ಅದು ತುರುವನೂರಿನ ನೀರಿನ ಗುಣ ಎಂದು ನಮ್ಮ ಯಜಮಾನರು ಇಪ್ಪತ್ತು ವರ್ಷದಿಂದ ಹೇಳಿಕೊಂಡು ಬಂದಿದ್ದಾರೆ.

ಸಮಾಜದ ಪುಸ್ತಕದ ಕೊನೆಯಲ್ಲಿ ವ್ಯವಹಾರ ಅಧ್ಯಯನ ಎಂಬ ಭಾಗವಿದೆ. ಆನ್‌ಲೈನ್ ವ್ಯಾಪಾರ ಎಂದರೇನು ಎಂದು ಕೇಳಿದರೆ ಮಕ್ಕಳು ಉಸಿರು ಬಿಡದೆ ನಾಲ್ಕು ಸಾಲು ಒಪ್ಪಿಸುತ್ತಿದ್ದರು. ಒಂದು ದಿನ ಹಿಂದಿನ ಬೆಂಚಿನಿಂದ ಒಂದು ಹುಡುಗಿ ಎದ್ದು, "ಮಿಸ್, ಇದನ್ನ ಯಾರಾದ್ರೂ ಮಾಡಿ ನೋಡಿದಾರಾ, ಇಲ್ಲ ಬರೀ ಓದಾಕೇ ಐತಾ?" ಎಂದಳು. ನನಗೆ ಮೈಯೆಲ್ಲ ಉರಿದುಹೋಯಿತು. ಅವಳು ಕೇಳಿದ್ದು ಸರಿಯಾಗಿತ್ತು, ಅದಕ್ಕೇ ಹೆಚ್ಚು ಉರಿಯಿತು. ಪುಸ್ತಕ ಮುಚ್ಚಿ, "ಬಾ, ಮಾಡೇ ನೋಡೋಣ" ಎಂದೆ. ಆ ಹುಡುಗಿ ಕೆಂಚಮ್ಮ.

ನಮ್ಮ ಶಾಲೆ ಇರುವ ಊರಿನಲ್ಲಿ ಎಂಟು ಮನೆಯವರು ಕುರಿ ಸಾಕಿ, ಅದೇ ಉಣ್ಣೆಯಲ್ಲಿ ಕರಿ ಕಂಬಳಿ ನೇಯುತ್ತಾರೆ. ಕೆಂಚಮ್ಮನ ಅಪ್ಪ ತಿಪ್ಪೇಶಪ್ಪನದೂ ಅದರಲ್ಲಿ ಒಂದು ಮನೆ. ಒಂಬತ್ತನೇ ತರಗತಿಯ ಮಕ್ಕಳು ಶಾಲೆಯ ಕಾಂಪೌಂಡಿನ ಮೇಲೆ ಕಂಬಳಿ ಹರಡಿ ಫೋಟೋ ತೆಗೆದರು, ಆನ್‌ಲೈನಿನಲ್ಲಿ ಅಂಗಡಿ ತೆರೆದರು, ವಿವರ ಬರೆದರು. ಏನು ಬರೆದರು ಗೊತ್ತೇ? "ಈ ಕಂಬಳಿ ಮೊದಮೊದಲು ಚುಚ್ಚುತ್ತದೆ. ಹುಣಸೆ ಬೀಜದ ಗಂಜಿ ಹಾಕಿರುವುದರಿಂದ ವಾಸನೆ ಬರುತ್ತದೆ." ಅಯ್ಯೋ ಶಿವನೇ, ಇದನ್ನು ಓದಿ ಯಾರು ಕೊಳ್ಳುತ್ತಾರೆ ಎಂದು ನಾನು ಅಳಿಸಲು ಹೋದೆ. ಇಡೀ ತರಗತಿ ನನ್ನ ಮೇಲೆ ಬಿತ್ತು. ಇದ್ದದ್ದು ಇದ್ದ ಹಾಗೆ ಬರೆದದ್ದು ಉಳಿಯಿತು, ಹಿರಿಯೂರಿನಿಂದ ಮೊದಲನೆಯ ಆರ್ಡರೂ ಹೊಳಲ್ಕೆರೆಯಿಂದ ಎರಡನೆಯದೂ ಬಂದವು. ಮೂರನೆಯದು ಚಿತ್ರದುರ್ಗದ್ದು. ಆ ಗಿರಾಕಿ ಕಂಬಳಿ ಚುಚ್ಚುತ್ತದೆ ಎಂದು ದೂರು ಬರೆದಾಗ ಕೆಂಚಮ್ಮ ಕೊಟ್ಟ ಉತ್ತರ: "ಬರೆದಿದ್ದೆವಲ್ಲ ಅಣ್ಣ, ಓದಲಿಲ್ಲವೇ?" ಅವರು ಕಂಬಳಿಯನ್ನು ಇಟ್ಟುಕೊಂಡರು.

ಸರ್ಕಾರಿ ಶಾಲೆಯಲ್ಲಿ ಅಂಗಡಿ ಇಟ್ಟಿದ್ದಾಳೆ ಎಂದು ನನ್ನನ್ನು ಆಡಿಕೊಂಡವರಿದ್ದಾರೆ. ನಮ್ಮ ಗಣಿತದ ಮೇಷ್ಟ್ರೇ ಸ್ಟಾಫ್ ರೂಮಿನಲ್ಲಿ, "ಏನ್ ಮೇಡಂ, ಇವತ್ತು ವ್ಯಾಪಾರ ಹೆಂಗೆ?" ಎಂದು ದಿನಾ ಕೇಳುತ್ತಿದ್ದರು. ಹಾಗಿರುವಾಗ ಆಸ್ಟ್ರಿಯಾದ ಗ್ರಾಜ್ ಎಂಬ ಊರಿನಿಂದ ಪತ್ರ ಬಂತು, ನಮ್ಮ ಮಕ್ಕಳ ಅಂಗಡಿಯ ಪುಟ ಅವರ ಕಣ್ಣಿಗೆ ಬಿದ್ದಿತ್ತಂತೆ. ಮಕ್ಕಳ ಕೈಯಿಂದಲೇ ವ್ಯಾಪಾರ ಮಾಡಿಸಿ ಕಲಿಸುವ ಶಾಲೆಗಳ ಮೇಳವಂತೆ, ಒಬ್ಬ ಶಿಕ್ಷಕಿ ಮತ್ತು ಒಬ್ಬ ವಿದ್ಯಾರ್ಥಿಯ ಖರ್ಚು ಅವರದಂತೆ. ಪತ್ರದ ಜೊತೆ ನಲವತ್ತು ಪುಟದ ನಿಯಮಗಳಿದ್ದವು. ಸಸ್ಯಾಹಾರ ಸಿಗುತ್ತದೆ ಎಂದಿದ್ದ ಪುಟದವರೆಗೆ ಓದಿ, ಸಮಾಧಾನವಾಗಿ, ಮಡಚಿ ಇಟ್ಟೆ. ನನ್ನ ತಪ್ಪು ಅದೇ.

ಯಾರು ಹೋಗಬೇಕು ಎಂದು ತರಗತಿಯಲ್ಲಿ ಕೇಳಿದಾಗ, ಗಿರಾಕಿ ಬೈದರೆ ಅಳದೆ ಉತ್ತರ ಕೊಡುವವರು ಹೋಗಲಿ ಎಂದು ಅವರೇ ತೀರ್ಮಾನಿಸಿದರು. ಎಲ್ಲರೂ ಕೆಂಚಮ್ಮನ ಕಡೆ ನೋಡಿದರು.

ವಿಯೆನ್ನಾ, ನೆಲಕ್ಕೆ ಇಳಿಯುವಾಗ

ವಿಮಾನ ತಗ್ಗಿಗೆ ಬರುವಾಗ ಕಿಟಕಿಯ ಹೊರಗೆ ಸಾಲುಸಾಲಾಗಿ ಗಾಳಿಯಂತ್ರಗಳು ತಿರುಗುತ್ತಿದ್ದವು. ಕೆಂಚಮ್ಮ ಮೂಗನ್ನು ಗಾಜಿಗೆ ಒತ್ತಿಕೊಂಡು, "ಮಿಸ್, ರಾತ್ರಿಯೆಲ್ಲ ಹಾರಿ ವಾಪಸ್ ಚಿತ್ರದುರ್ಗಕ್ಕೇ ಬಂದ್ವಾ ಹೆಂಗೆ?" ಎಂದಳು. ನಮ್ಮ ಜೋಗಿಮಟ್ಟಿಯ ಗುಡ್ಡದ ಮೇಲೆ ನಿಂತು ಅಲ್ಲಿನ ಗಾಳಿಯಂತ್ರ ನೋಡಿದ ಹಾಗೇ ಇತ್ತು, ಗುಡ್ಡ ಮಾತ್ರ ಇರಲಿಲ್ಲ.

ನಮ್ಮ ಜೊತೆ ಮಾದರಿಗೆಂದು ಆರು ಕಂಬಳಿಗಳಿದ್ದವು. ತಪಾಸಣೆಯವರ ನಾಯಿಯೊಂದು ಬಂದು ಗಂಟನ್ನು ಮೂಸಿ, ಇನ್ನೊಮ್ಮೆ ಮೂಸಿ, ಅದರ ಪಕ್ಕದಲ್ಲೇ ಮಲಗಿಬಿಟ್ಟಿತು. ಅಧಿಕಾರಿ ಎಳೆದರೂ ಏಳಲಿಲ್ಲ. ಗಂಟು ಬಿಚ್ಚಿಸಿದರು, ಕಂಬಳಿ ಕೊಡವಿದರು. ಹುಣಸೆ ಬೀಜದ ಗಂಜಿಯ ವಾಸನೆ ಎಂದು ನಾನು ನನ್ನ ಇಂಗ್ಲಿಷಿನಲ್ಲಿ ವಿವರಿಸಲು ಹೋಗಿ ಇನ್ನಷ್ಟು ಅನುಮಾನ ಹುಟ್ಟಿಸಿದೆ. ಕೆಂಚಮ್ಮ ಮುಂದೆ ಬಂದು, "ಸಾರಿ ಫಾರ್ ದಿ ಇನ್‌ಕನ್ವೀನಿಯೆನ್ಸ್" ಎಂದಳು. ದೂರು ಬರೆಯುವ ಗಿರಾಕಿಗಳಿಗೆ ಉತ್ತರಿಸಿ ಉತ್ತರಿಸಿ ಕಲಿತ ವಾಕ್ಯ ಅದು. ಅಧಿಕಾರಿ ನಕ್ಕು ಬಿಟ್ಟುಬಿಟ್ಟ. ಆಮೇಲೆ ಇಡೀ ಪ್ರವಾಸದಲ್ಲಿ ಯಾರ ಕಾಲು ತುಳಿದರೂ, ಯಾರಿಗೆ ದಾರಿ ಬಿಟ್ಟರೂ ಅವಳು ಅದನ್ನೇ ಹೇಳಿದಳು, ಎಲ್ಲ ಕಡೆಯೂ ನಡೆಯಿತು.

ಗ್ರಾಜ್, ಭಾನುವಾರ

ನಾವು ಉಳಿದುಕೊಂಡದ್ದು ಬ್ರಿಗಿಟ್ಟೆ ಎಂಬ ಶಿಕ್ಷಕಿಯ ಮನೆಯಲ್ಲಿ. ಮೇಳ ನಡೆಸುವವರಲ್ಲಿ ಆಕೆಯೂ ಒಬ್ಬರು. ನನ್ನ ವಯಸ್ಸಿನವರು, ನಗುಮುಖ, ಮಾತು ಕಡಿಮೆ. ಚಪ್ಪಲಿ ಬಾಗಿಲ ಹೊರಗೇ ಬಿಡಬೇಕು ಎಂದಾಗ ಸದ್ಯ, ನಮ್ಮವರೇ ಎನ್ನಿಸಿತು. ಊಟಕ್ಕೆ ಕೂತರೆ ಎಲ್ಲದರ ಮೇಲೂ ಕುಂಬಳ ಬೀಜದ ಕಡು ಹಸಿರು ಎಣ್ಣೆ ಸುರಿಯುತ್ತಾರೆ. ಸೊಪ್ಪಿನ ಮೇಲೆ ಆಯಿತು, ಆಲೂಗೆಡ್ಡೆಯ ಮೇಲೆ ಆಯಿತು, ಕೊನೆಗೆ ಐಸ್‌ಕ್ರೀಮಿನ ಮೇಲೂ ಸುರಿದರು. ಕೆಂಚಮ್ಮ ಅದನ್ನು ಮೂಸಿ, "ನಮ್ಮ ಹುಚ್ಚೆಳ್ಳೆಣ್ಣೆಗೆ ಒಂದ್ ಕೈ ಕಮ್ಮಿನೇ" ಎಂದು ತೀರ್ಪು ಕೊಟ್ಟು ಎರಡು ಸಲ ಹಾಕಿಸಿಕೊಂಡಳು.

ಬೆಳಿಗ್ಗೆ ಊರು ನೋಡಲು ನಾವಿಬ್ಬರೇ ಹೊರಟೆವು. ರಸ್ತೆಯಲ್ಲಿ ಒಂದು ವಾಹನವಿಲ್ಲ, ಆದರೂ ಕೆಂಪು ದೀಪಕ್ಕೆ ನಾಲ್ಕು ಜನ ಕಂಬದ ಹಾಗೆ ನಿಂತಿದ್ದರು. ನಾವು ದಾಟಿದೆವು. ಅವರು ನಮ್ಮನ್ನು ನೋಡಿದ ನೋಟ ಇದೆಯಲ್ಲ, ಪರೀಕ್ಷೆಯಲ್ಲಿ ನಕಲು ಮಾಡುವವರನ್ನು ನಾನು ನೋಡುವುದು ಹಾಗೆಯೇ. ಅಷ್ಟರಲ್ಲಿ ಕೆಂಚಮ್ಮನ ಚಪ್ಪಲಿಯ ಉಂಗುಷ್ಟ ಕಿತ್ತುಹೋಯಿತು. ಭಾನುವಾರ ಅಲ್ಲಿ ಒಂದೇ ಒಂದು ಅಂಗಡಿಯೂ ತೆರೆಯುವುದಿಲ್ಲ. ಹೊಸದುರ್ಗದ ಬಸ್ ಸ್ಟ್ಯಾಂಡಿನಲ್ಲಾಗಿದ್ದರೆ ಬಸ್ಸು ಹೊರಡುವುದರೊಳಗೆ ಹೊಲಿಸಿಕೊಳ್ಳಬಹುದಿತ್ತು. ನನ್ನ ಸೀರೆಯ ಪಿನ್ನು ತೆಗೆದು ಚುಚ್ಚಿಕೊಟ್ಟೆ.

ಊರಿನ ನಡುವೆ ಒಂದು ಬೆಟ್ಟ, ಅದರ ಮೇಲೆ ಹಳೆಯ ಕೋಟೆ. ಮೆಟ್ಟಿಲು ಹತ್ತಿ ಮೇಲೆ ಹೋದರೆ ಒಂದು ದೊಡ್ಡ ಗಡಿಯಾರದ ಗೋಪುರ, ನಾಲ್ಕು ಗೋಡೆ, ಹೂವಿನ ಪಾತಿ. "ಇಷ್ಟೇನಾ? ಕಿಂಡಿ ಎಲ್ಲೈತೆ ಮಿಸ್?" ಎಂದು ಕೆಂಚಮ್ಮ ಗೋಡೆ ಸುತ್ತ ಹುಡುಕಿದಳು. ದುರ್ಗದ ಏಳು ಸುತ್ತು ಕಂಡ ಕಣ್ಣಿಗೆ ಅದು ಆಟಿಕೆಯೇ. ಆದರೆ ಆ ಗಡಿಯಾರ ನಮ್ಮನ್ನು ಚೆನ್ನಾಗಿ ಬೇಸ್ತು ಬೀಳಿಸಿತು. ನಾಲ್ಕು ಗಂಟೆಗೆ ಕಾಫಿಗೆ ಬರಬೇಕೆಂದು ಬ್ರಿಗಿಟ್ಟೆ ಹೇಳಿದ್ದರು. ನೋಡಿದರೆ ಗಡಿಯಾರದಲ್ಲಿ ನಾಲ್ಕಾಗಿದೆ! ಪಿನ್ನಿನ ಚಪ್ಪಲಿಯಲ್ಲಿ ಮೆಟ್ಟಿಲು ಇಳಿದು, ಓಡಿ, ಏದುಸಿರು ಬಿಡುತ್ತಾ ಮನೆ ತಲುಪಿದರೆ ಅವರಿನ್ನೂ ಮಧ್ಯಾಹ್ನದ ಊಟಕ್ಕೆ ತಟ್ಟೆ ಇಡುತ್ತಿದ್ದರು. ಆ ಗಡಿಯಾರದಲ್ಲಿ ಉದ್ದದ ಮುಳ್ಳು ಗಂಟೆಯದಂತೆ, ಗಿಡ್ಡ ಮುಳ್ಳು ನಿಮಿಷದ್ದಂತೆ. ಫೋನು ತೆಗೆದು ನೋಡುವ ಬುದ್ಧಿ ನಮ್ಮಿಬ್ಬರಿಗೂ ಬಂದಿರಲಿಲ್ಲ.

ಮೇಳದ ಮೊದಲ ದಿನ

ದೊಡ್ಡ ಹಾಲು. ಹತ್ತಾರು ಶಾಲೆಗಳ ಮಳಿಗೆಗಳು. ಅಲ್ಲಿನ ಮಕ್ಕಳು ಕೋಟು ಹಾಕಿಕೊಂಡು, ಕೊರಳಿಗೆ ಹೆಸರಿನ ಚೀಟಿ ತೂಗಿಕೊಂಡು ಬ್ಯಾಂಕಿನ ಮ್ಯಾನೇಜರುಗಳ ಹಾಗೆ ಓಡಾಡುತ್ತಿದ್ದರು. ಎಲ್ಲ ಮಳಿಗೆಯಲ್ಲೂ ಬಣ್ಣದ ಪಟ್ಟಿ, ಚಿತ್ರ, ಲ್ಯಾಪ್‌ಟಾಪು. ಸಾಮಾನು ಮಾತ್ರ ಯಾರ ಹತ್ತಿರವೂ ಕಾಣಲಿಲ್ಲ. ಗೋದಾಮಿನಲ್ಲಿ ಇಟ್ಟಿರಬೇಕು, ಶ್ರೀಮಂತ ದೇಶ ಎಂದುಕೊಂಡೆ.

ನಮ್ಮ ಮೇಜಿನ ಮೇಲೆ ಆರು ಕಂಬಳಿ ಹರಡಿದೆವು. ಮೊದಲ ಅರ್ಧ ಗಂಟೆ ಯಾರೂ ಬರಲಿಲ್ಲ. ಆಮೇಲೆ ಲೇನಾ ಎಂಬ ಹುಡುಗಿ ಬಂದು ಕಂಬಳಿ ಮುಟ್ಟಿ ನೋಡಿ, ಬೆಲೆ ಎಷ್ಟು ಎಂದಳು. ಕೆಂಚಮ್ಮ ಉತ್ತರ ಹೇಳಲಿಲ್ಲ. ಲೇನಾಳ ಕೈ ಹಿಡಿದು ಕಂಬಳಿಯ ಮಡಿಕೆಯೊಳಗೆ ಎಳೆದುಕೊಂಡಳು.

ಕುರಿ ಸಂತೆಗೆ ಹೋದವರಿಗೆ ಇದು ಗೊತ್ತು. ಕೊಡುವವನು, ಕೊಳ್ಳುವವನು ಇಬ್ಬರೂ ಟವೆಲಿನ ಅಡಿಯಲ್ಲಿ ಕೈ ಸೇರಿಸಿ, ಬಾಯಿಬಿಡದೆ ಬೆರಳು ಹಿಡಿದು ಬೆಲೆ ಹೇಳುತ್ತಾರೆ. ಸುತ್ತ ನಿಂತವರಿಗೆ ಏನೂ ಕಾಣದು. ಒಬ್ಬರು ಹಿಡಿದ ಬೆರಳನ್ನು ಇನ್ನೊಬ್ಬರು ಬಿಡಿಸಿಕೊಳ್ಳದೆ ಅದುಮಿದರೆ ವ್ಯಾಪಾರ ಮುಗಿಯಿತು. ಆಮೇಲೆ ಕುರಿ ಕುಂಟಿದರೂ ಮಾತು ಹಿಂದಕ್ಕಿಲ್ಲ, ಕಾಗದ ಪತ್ರ ಯಾವುದೂ ಬೇಡ.

ಒಂದು ಬೆರಳಿಗೆ ಹತ್ತು ಯೂರೋ ಎಂದು ಕೆಂಚಮ್ಮ ಸನ್ನೆಯಲ್ಲೇ ಹೇಳಿಕೊಟ್ಟಳು. ಲೇನಾ ಐದು ಬೆರಳು ಹಿಡಿದಳು. ಕೆಂಚಮ್ಮ ತಲೆ ಅಲ್ಲಾಡಿಸಿ, ಒಮ್ಮೆ ಐದು ಒಮ್ಮೆ ನಾಲ್ಕು ಹಿಡಿದು ಒಂಬತ್ತು ಕೇಳಿದಳು. ಮುಖ ಕಲ್ಲಿನ ಹಾಗೆ. ಲೇನಾಗೆ ನಗು ತಡೆಯಲಾಗುತ್ತಿಲ್ಲ. ಏಳಕ್ಕೆ ಬಂದು ನಿಂತಿತು, ಬೆರಳು ಅದುಮಿದರು, ಲೇನಾ ಕುಣಿದುಬಿಟ್ಟಳು. ಅಷ್ಟೇ, ಇಡೀ ಹಾಲಿನ ಮಕ್ಕಳು ನಮ್ಮ ಮೇಜಿನ ಮುಂದೆ ಸಾಲು ನಿಂತರು! ಸಂಜೆ ನಾಲ್ಕರ ಹೊತ್ತಿಗೆ ಮೂವತ್ತೊಂದು ಜನ ಬೆರಳು ಹಿಡಿದಿದ್ದರು. ಏಳು ಬೆರಳಿಗಿಂತ ಕೆಳಗೆ ಒಂದನ್ನೂ ಅವಳು ಬಿಡಲಿಲ್ಲ. ಎಲ್ಲರ ಹೆಸರು, ವಿಳಾಸ ನೋಟ್‌ಬುಕ್ಕಿನಲ್ಲಿ ಬರೆದುಕೊಂಡಳು. ಗಣಿತದ ಮೇಷ್ಟ್ರಿಗೆ ಫೋಟೋ ಕಳಿಸಿ, "ಇವತ್ತು ವ್ಯಾಪಾರ ಹೀಗೆ" ಎಂದು ಬರೆದೆ.

ಕೆಂಚಮ್ಮ ಅಪ್ಪನಿಗೆ ಫೋನು ಹಚ್ಚಿದಳು. "ಅಪ್ಪಾ, ಮೂವತ್ತೊಂದು! ದಿಟ, ದೇವರಾಣೆ. ಬೆರಳು ಹಿಡಿಸೀನಿ."

ತಿಪ್ಪೇಶಪ್ಪ ಆ ಕಡೆ ಹೆಂಡತಿಗೆ ಲೆಕ್ಕ ಕೂಗಿ ಹೇಳಿದ. ಆಮೇಲೆ, "ಬೆರಳು ಹಿಡಿದ ಮ್ಯಾಲೆ ಮುಗೀತು ಬಿಡು. ನಾಳೆ ಉಣ್ಣೆ ಕೊಳ್ಳಾಕೆ ಬರೋನಿಗೆ ಇಲ್ಲ ಅಂತ ಹೇಳ್ತೀನಿ. ಎಂಟು ಮನೆಗೂ ಹಂಚ್ಕಂತೀವಿ" ಎಂದ.

ಎರಡನೆಯ ದಿನ

ಬೆಳಿಗ್ಗೆ ಬ್ರಿಗಿಟ್ಟೆ ಒಂದು ಹಾಳೆ ಹಿಡಿದು ಬಂದರು. ಮೇಳದಲ್ಲಿ ಅತಿ ಹೆಚ್ಚು ಆರ್ಡರು ಪಡೆದ ಮಳಿಗೆ ನಮ್ಮದಂತೆ, ಲೆಕ್ಕದಲ್ಲಿ ಇಷ್ಟು ಯೂರೋ ಜಮೆಯಾಗಿದೆಯಂತೆ. ನಾನು ಖುಷಿಯಿಂದ, "ಅದು ನಮ್ಮ ಶಾಲೆಯ ಖಾತೆಗೆ ಯಾವಾಗ ಬರುತ್ತದೆ? ಹೊರದೇಶದ ದುಡ್ಡು ಎಂದರೆ ನಮ್ಮ ಬ್ಯಾಂಕಿನವರು ಸಾವಿರ ಕಾಗದ ಕೇಳುತ್ತಾರೆ" ಎಂದೆ. ಬ್ರಿಗಿಟ್ಟೆ ನಕ್ಕರು. ನನ್ನ ಮುಖ ನೋಡಿ ನಗು ನಿಲ್ಲಿಸಿದರು.

ಆಕೆ ನಿಧಾನವಾಗಿ ಹೇಳಿದ್ದು ಇಷ್ಟು. ಅಲ್ಲಿನ ವಾಣಿಜ್ಯ ಶಾಲೆಗಳಲ್ಲಿ ಪ್ರತಿ ತರಗತಿಗೂ ಅಭ್ಯಾಸದ ಒಂದು ಕಂಪನಿ ಇರುತ್ತದೆ. ಕಚೇರಿ ಇದೆ, ಫೋನಿದೆ, ಬಿಲ್ಲಿದೆ, ತೆರಿಗೆಯೂ ಇದೆ. ಸಾಮಾನು ಇಲ್ಲ, ದುಡ್ಡೂ ಇಲ್ಲ. ಆ ಕಂಪನಿ ಈ ಕಂಪನಿಯಿಂದ ಇಲ್ಲದ್ದನ್ನು ಇಲ್ಲದ ದುಡ್ಡಿಗೆ ಕೊಳ್ಳುತ್ತದೆ. ಈ ಮೇಳವೂ ಹಾಗೆಯೇ. ಅದೆಲ್ಲ ನಿಯಮದ ಪುಸ್ತಕದ ಹನ್ನೆರಡನೆಯ ಪುಟದಲ್ಲೇ ಇತ್ತು. ನಾನು ಊಟದ ಪುಟಕ್ಕೆ ನಿಲ್ಲಿಸಿದ್ದೆನಲ್ಲ, ಅದು ಒಂಬತ್ತನೆಯದು.

ಅದೇ ಹೊತ್ತಿಗೆ ಕೆಂಚಮ್ಮನ ಫೋನು ಕುಂಯ್‌ಗುಟ್ಟಿತು. ಊರಿನಿಂದ ಫೋಟೋ ಬಂದಿತ್ತು. ಅಂಗಳದ ತುಂಬ ಕರಿ ಉಣ್ಣೆಯ ಗುಡ್ಡೆ, ಸುತ್ತ ಅವಳ ಅವ್ವ, ಚಿಕ್ಕವ್ವ, ಪಕ್ಕದ ಮನೆಯವರು ಹಿಂಜುತ್ತಾ ಕುಳಿತಿದ್ದಾರೆ. ಉಣ್ಣೆ ಕೊಳ್ಳುವವನು ಬರಿಗೈಲಿ ಹೋಗಿಯೂ ಆಗಿತ್ತು. ಆ ವ್ಯಾಪಾರಿಯನ್ನು ಒಂದು ಸಲ ಕಳಿಸಿದರೆ ಮತ್ತೆ ಬರುವುದು ಮುಂದಿನ ಸಲ ಕುರಿಯ ಉಣ್ಣೆ ಕತ್ತರಿಸುವಾಗಲೇ.

ಸಿಟ್ಟು ಬಂದರೆ ನಾನು ಯಾರ ಮೇಲಾದರೂ ಹಾಕುತ್ತೇನೆ, ಅದು ನನ್ನ ಜಾಯಮಾನ. ಬ್ರಿಗಿಟ್ಟೆಯ ಮೇಲೆ ಹಾರಾಡಿದೆ. "ಒಲೆ ಇದೆ, ಪಾತ್ರೆ ಇದೆ, ಸೌಟಿದೆ, ಅಡುಗೆ ಮಾತ್ರ ಇಲ್ಲ! ಇದನ್ನು ಉಣ್ಣಿಸಿ ಮಕ್ಕಳ ಹೊಟ್ಟೆ ತುಂಬಿತು ಅನ್ನುತ್ತೀರಾ?" ಆಕೆಗೂ ನೋವಾಯಿತು. "ಇಲ್ಲಿ ಮಕ್ಕಳು ತಪ್ಪು ಮಾಡಬಹುದು. ಯಾರಿಗೂ ನಷ್ಟವಾಗುವುದಿಲ್ಲ. ಅದು ಸಣ್ಣ ವಿಷಯವಲ್ಲ" ಎಂದರು. ಆ ಮಾತಿನಲ್ಲಿ ಸತ್ಯವಿತ್ತು, ಆದರೆ ಆ ಹೊತ್ತಿಗೆ ಒಪ್ಪಲು ನನಗೆ ಬಾಯಿ ಬರಲಿಲ್ಲ. ನಮ್ಮ ಮಕ್ಕಳು ತಪ್ಪಿದರೆ ಒಂದು ಮನೆಯ ಉಣ್ಣೆ ದಂಡವಾಗುತ್ತದೆ, ಅದಕ್ಕೇ ಅವರು ಎರಡೆರಡು ಸಲ ಓದಿ ಕೆಲಸ ಮಾಡುತ್ತಾರೆ ಎಂದು ಬೀಗುತ್ತಿದ್ದವಳು ನಾನು. ಓದದೇ ಕೂತವಳೂ ನಾನೇ.

ಕೆಂಚಮ್ಮನಿಗೆ ಎಲ್ಲ ಹೇಳಿದೆ. "ನಿಮ್ಮಪ್ಪನಿಗೆ ಈಗಲೇ ಫೋನು ಮಾಡ್ತೀನಿ ಕಣೇ. ತಪ್ಪು ನಂದು ಅಂತ ಹೇಳ್ತೀನಿ."

ಅವಳು ನನ್ನ ಕೈಯಿಂದ ಫೋನು ತೆಗೆದುಕೊಂಡಳು. "ತಡೀರಿ ಮಿಸ್. ಬೆರಳು ಹಿಡಿದೋರು ಇಲ್ಲೇ ಅವ್ರೆ. ಮೊದ್ಲು ಅವ್ರನ್ನ ಕೇಳಾಣ. ಒಂದ್ ದಿನ ಕೊಡ್ರಿ."

ಸೀದಾ ಲೇನಾಳ ಮಳಿಗೆಗೆ ಹೋದಳು. ನಾನು ಹಿಂದೆ. ಕಂಬಳಿ ಯಾವಾಗ ಕಳಿಸಬೇಕು ಎಂದು ನನ್ನಿಂದ ಕೇಳಿಸಿದಳು. ಲೇನಾ ಅವಳ ಹೆಗಲು ತಟ್ಟಿ, "ಅದು ಆಟ ಅಲ್ಲವೇ?" ಎಂದು ನಕ್ಕಳು. ನಾನು ಅನುವಾದ ಮಾಡಿದೆ. ಕೆಂಚಮ್ಮ ನಗಲಿಲ್ಲ. "ಆಟ ಆಡೋದಿದ್ರೆ ಕಲ್ಲಾಟ ಆಡ್ಬೇಕಿತ್ತು. ಬೆರಳು ಹಿಡಿಯಾದು ಆಟ ಅಲ್ಲ ಅಂತ ಹೇಳ್ರಿ ಮಿಸ್" ಎಂದಳು. ಹೇಳಿದೆ. ಲೇನಾಳ ಮುಖ ಸಪ್ಪೆಯಾಯಿತು. ಮೇಳದ ಒಳಗೆ ನಿಜವಾದ ಮಾರಾಟ ನಡೆಸಬಾರದು ಎಂದು ಮಧ್ಯಾಹ್ನ ಮೇಳ ನಡೆಸುವವರಲ್ಲೊಬ್ಬರು ಬಂದು ನಮಗೆ ಬಹಳ ವಿನಯದಿಂದ ಎಚ್ಚರಿಕೆ ಕೊಟ್ಟು ಹೋದರು.

ಮೂರನೆಯ ದಿನ, ಮೆಟ್ಟಿಲ ಮೇಲೆ

ಬಹುಮಾನದ ದಿನ. ಅತ್ಯುತ್ತಮ ಮಳಿಗೆ ಎಂದು ನಮ್ಮ ಶಾಲೆಯ ಹೆಸರು ಕರೆದರು. ಚಪ್ಪಾಳೆಯೋ ಚಪ್ಪಾಳೆ. ಗಾಜಿನ ಕಪ್ಪನ್ನು ಕೈಗೆ ಕೊಟ್ಟು, ಎರಡು ಮಾತಾಡು ಎಂದು ಕೆಂಚಮ್ಮನ ಮುಂದೆ ಮೈಕು ಹಿಡಿದರು. ಅವಳು ಕಪ್ಪನ್ನು ಅಲ್ಲೇ ಮೇಜಿನ ಮೇಲೆ ಇಟ್ಟಳು. ನನ್ನ ಕಡೆ ತಿರುಗಿ, "ನಾ ಹೇಳಿದ್ದು ಹೇಳಿದಂಗೇ ಹೇಳ್ರಿ ಮಿಸ್, ಮೆತ್ತಗೆ ಮಾಡ್ಬ್ಯಾಡ್ರಿ" ಎಂದಳು.

"ಇದು ನಮಗೆ ಬ್ಯಾಡ್ರಿ. ಮಾರಿದ್ದಕ್ಕೆ ಕೊಡ್ತಿದೀರ, ನಾವಿನ್ನೂ ಒಂದೂ ಮಾರಿಲ್ಲ. ನೀವು ಮೂವತ್ತೊಂದು ಜನ ನನ್ನ ಬೆರಳು ಹಿಡಿದೀರ. ನಮ್ಮೂರಾಗೆ ಎಂಟು ಮನೆಯೋರು ಉಣ್ಣೆ ಹಿಂಜ್ತಾ ಕುಂತವ್ರೆ. ನಿಮಗೆ ಅದು ಆಟ ಅಂತ ನನಗೆ ಗೊತ್ತಿರ್ಲಿಲ್ಲ, ಅದು ನಮ್ಮ ತಪ್ಪು. ನಮಗೆ ಅದು ಆಟ ಅಲ್ಲ ಅಂತ ನಿಮಗೂ ಗೊತ್ತಿರ್ಲಿಲ್ಲ. ಈಗ ಇಬ್ಬರಿಗೂ ಗೊತ್ತಾತು. ಒಳಗೆ ಮಾರಬಾರ್ದಂತೆ, ನಾನು ಹೊರಗೆ ಮೆಟ್ಲ ಮ್ಯಾಲೆ ಕುಂತಿರ್ತೀನಿ. ಬೇಕಾದೋರು ಬರ್ರಿ. ಬ್ಯಾಡದೋರೂ ಬರ್ರಿ, ಬಂದು ಬ್ಯಾಡ ಅಂತ ಮುಖ ನೋಡಿ ಹೇಳ್ರಿ."

ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ. ನಾವು ಕಂಬಳಿ ಹೊತ್ತುಕೊಂಡು ಹೊರಗೆ ಬಂದೆವು.

ಚಳಿ ಇನ್ನೂ ಬಿಟ್ಟಿರಲಿಲ್ಲ. ಮೆಟ್ಟಿಲ ಕಲ್ಲು ತಣ್ಣಗೆ ಕೊರೆಯುತ್ತಿತ್ತು. ಒಂದು ಕಂಬಳಿ ಹಾಸಿಕೊಂಡು ಒಂದು ಹೊದ್ದುಕೊಂಡು ಕುಳಿತೆವು. ಹತ್ತು ನಿಮಿಷ ಕಳೆದರೂ ಯಾರೂ ಬರಲಿಲ್ಲ. ಆಮೇಲೆ ಕೋಟು ಹಾಕಿದ್ದ ಎತ್ತರದ ಹುಡುಗನೊಬ್ಬ ಬಂದು, ಕೆಂಪು ಕೆಂಪಾಗಿ, ನನಗೆ ಬೇಡ, ನನ್ನ ಹತ್ತಿರ ದುಡ್ಡಿಲ್ಲ, ಕ್ಷಮಿಸು ಎಂದ. "ಆತಪ್ಪ, ಹೋಗ್ಬಾ" ಎಂದು ಕೆಂಚಮ್ಮ ನೋಟ್‌ಬುಕ್ಕಿನಲ್ಲಿ ಅವನ ಹೆಸರಿನ ಮುಂದೆ ಗೀಟು ಹಾಕಿದಳು. ಅವನ ಹಿಂದೆ ಇನ್ನೂ ಒಂಬತ್ತು ಜನ ಬ್ಯಾಡ ಎನ್ನಲು ಬಂದರು. ಎಲ್ಲರಿಗೂ ಅದೇ ಉತ್ತರ, ಅದೇ ಗೀಟು.

ಆಗ ಲೇನಾ ಬಂದಳು. ಕಂಬಳಿಯ ಮಡಿಕೆಯೊಳಗೆ ತಾನಾಗಿಯೇ ಕೈ ಹಾಕಿದಳು. ಕೆಂಚಮ್ಮ ತನ್ನ ಕೈ ಕೊಡಲಿಲ್ಲ. "ಆಟನೋ ದಿಟನೋ ಕೇಳ್ರಿ ಮಿಸ್." ಕೇಳಿದೆ. ರಜದಲ್ಲಿ ಬೇಕರಿಯಲ್ಲಿ ಕೆಲಸ ಮಾಡಿ ಕೂಡಿಟ್ಟದ್ದಿದೆ, ದಿಟ ಎಂದಳು. ಆಗ ಬೆರಳು ಸೇರಿತು.

ಅಂಗಡಿಯ ಪುಟ ತೆರೆದು ಲೇನಾ ತನ್ನ ಫೋನಿನಲ್ಲೇ ಆರ್ಡರು ಹಾಕತೊಡಗಿದಳು. ಪುಟ ಒಪ್ಪಲಿಲ್ಲ. ಅವಳ ಊರಿನ ಪಿನ್‌ಕೋಡು ನಾಲ್ಕೇ ಅಂಕಿ, ನಮ್ಮ ಮಕ್ಕಳ ಪುಟಕ್ಕೆ ಆರು ಬೇಕು! ಶಾಲೆಗೆ ಫೋನು ಮಾಡಿದೆ. ಅಲ್ಲಿ ಮಧ್ಯಾಹ್ನದ ಕೊನೆಯ ಪಿರಿಯಡ್ಡು. ಇಡೀ ತರಗತಿ ಇರುವ ಒಂದೇ ಕಂಪ್ಯೂಟರಿನ ಮುಂದೆ ಮುಗಿಬಿದ್ದದ್ದು ಫೋನಿನಲ್ಲೇ ಕೇಳಿಸುತ್ತಿತ್ತು. "ಲೇ ಅದಲ್ಲ, ಆ ಕಡೆದು ಒತ್ತು!" "ಮಿಸ್, ದೇಶದ ಹೆಸರು ಹಾಕೋ ಜಾಗನೇ ಇಟ್ಟಿಲ್ಲ ನಾವು!" ಹದಿನೈದು ನಿಮಿಷ ಒದ್ದಾಡಿದರು. ಅಷ್ಟರಲ್ಲಿ ಮೆಟ್ಟಿಲ ಮೇಲೆ ಇನ್ನೂ ಕೆಲವರು ಸೇರಿದ್ದರು. "ಈಗ ನೋಡ್ರಿ ಮಿಸ್, ಆರಂಕಿ ತಗದಾಕೀವಿ" ಎಂದು ಅಲ್ಲಿಂದ ಕೂಗು ಬಂತು. ಲೇನಾಳ ಆರ್ಡರು ಬಿದ್ದ ಕೂಡಲೇ ನಮ್ಮ ಹೈಸ್ಕೂಲಿನ ಕೇಕೆ ಗ್ರಾಜಿನ ಬೀದಿಗೆ ಕೇಳಿಸಿತು.

ಅನುಮತಿ ಇಲ್ಲದೆ ಇಲ್ಲಿ ಮಾರಬಾರದು ಎಂದು ಕಾವಲಿನವನೊಬ್ಬ ಬಂದ. ನಾನು ಜಗಳಕ್ಕೆ ಸೆರಗು ಸಿಕ್ಕಿಸುವುದರೊಳಗೆ ಬ್ರಿಗಿಟ್ಟೆ ಒಳಗಿನಿಂದ ಬಂದು, ಅವನಿಗೆ ಜರ್ಮನ್ನಿನಲ್ಲಿ ಏನೋ ಚುರುಕಾಗಿ ಹೇಳಿ, ನಮ್ಮ ಪಕ್ಕದಲ್ಲೇ ಕುಳಿತುಬಿಟ್ಟರು. ಇಲ್ಲಿ ಯಾರೂ ಏನೂ ಮಾರುತ್ತಿಲ್ಲ, ಮಕ್ಕಳು ತಮ್ಮ ಫೋನು ನೋಡುತ್ತಿದ್ದಾರೆ ಅಷ್ಟೇ ಎಂದರಂತೆ. ಆಮೇಲೆ ತಾವೂ ಕಂಬಳಿಯೊಳಗೆ ಕೈ ಹಾಕಿದರು. "ನೀವು ಮೂವತ್ತೊಂದರಲ್ಲಿ ಇರಲಿಲ್ಲವಲ್ಲ" ಎಂದೆ. "ಬಾರದವರ ಪೈಕಿ ಒಬ್ಬರ ಜಾಗ ನನಗಿರಲಿ" ಎಂದರು. ಹಿಂದಿನ ದಿನ ಆಕೆಯ ಮೇಲೆ ಹಾರಾಡಿದ್ದಕ್ಕೆ ಆಗ ಕ್ಷಮೆ ಕೇಳಿದೆ.

ಕೊನೆಗೆ ಬ್ರಿಗಿಟ್ಟೆಯನ್ನೂ ಸೇರಿಸಿ ಹನ್ನೆರಡು ಆದವು. ಉಳಿದ ಹತ್ತೊಂಬತ್ತಕ್ಕೆ ಯಾರೂ ಇರಲಿಲ್ಲ. ಬ್ರಿಗಿಟ್ಟೆ ಯಾರ ಜಾಗ ತುಂಬಿದರೋ ಅವರನ್ನು ಬಿಟ್ಟು ಇನ್ನೂ ಒಂಬತ್ತು ಜನ ಬೇಡ ಎನ್ನಲು ಕೂಡ ಹೊರಗೆ ಬರಲಿಲ್ಲ. ಅವರ ಹೆಸರು ಆ ನೋಟ್‌ಬುಕ್ಕಿನಲ್ಲಿ ಗೀಟಿಲ್ಲದೆ ಹಾಗೇ ಇದೆ.

ನಾನು ಫೋನು ಮಾಡುತ್ತೇನೆಂದರೂ ಕೇಳದೆ ಕೆಂಚಮ್ಮನೇ ಮಾಡಿದಳು. "ಅಪ್ಪಾ, ಮೂವತ್ತೊಂದು ಅಂದಿದ್ನಲ್ಲ, ಹನ್ನೆಲ್ಡೇ ದಿಟ. ಉಳಿದೋರು ಆಟಕ್ಕೆ ಹಿಡಿದಿದ್ರು. ಗೊತ್ತಾಗ್ಲಿಲ್ಲಪ್ಪಾ ನನಗೆ." ಮೂರು ದಿನದಲ್ಲಿ ಮೊದಲ ಸಲ ಅವಳು ಅತ್ತಳು. ನಾನು ಫೋನು ಕಸಿದುಕೊಂಡು, "ಅವಳದೇನೂ ತಪ್ಪಿಲ್ಲ ತಿಪ್ಪೇಶಪ್ಪ. ಓದಬೇಕಾದ ಕಾಗದ ನಾನು ಓದಲಿಲ್ಲ. ಹಿಂಜುವುದನ್ನು ನಿಲ್ಲಿಸಿ" ಎಂದೆ.

ಆ ಕಡೆ ಮಗ್ಗದ ಸದ್ದು ನಿಂತಿತು. ಬೈಯುತ್ತಾನೆ ಎಂದು ಕಾದೆ. ಬೈದಿದ್ದರೆ ಹಗುರಾಗುತ್ತಿತ್ತು.

"ಅವ್ರು ಆಟಕ್ಕೆ ಹಿಡಿದಿರ್ಬೋದು ಮಿಸ್. ನಮ್ಮ ಹುಡುಗಿ ದಿಟಕ್ಕೇ ಹಿಡಿದವ್ಳೆ. ನಮ್ಮ ಕಡೆ ಮಾತು ಆಗೈತೆ. ಮೂವತ್ತೊಂದೂ ನೇಯ್ತೀವಿ."

"ದುಡ್ಡು ಬರುವುದಿಲ್ಲ ತಿಪ್ಪೇಶಪ್ಪ!"

"ಕಂಬಳಿ ಏನು ಹಾಲಾ ಮಿಸ್, ಸಂಜೀಕೆ ಒಡೆದುಹೋಗಾಕೆ? ನೀವು ಮಗೀನ ಹುಷಾರಾಗಿ ಕರ್ಕಂಬರ್ರಿ. ಅಳ್ಬ್ಯಾಡ ಅನ್ರಿ." ಮಗ್ಗದ ಸದ್ದು ಮತ್ತೆ ಶುರುವಾಯಿತು.

ವಿಯೆನ್ನಾ, ವಾಪಸ್ಸು ವಿಮಾನಕ್ಕೆ ಕಾಯುತ್ತಾ

ಗಾಜಿನ ಕಪ್ಪನ್ನು ನಾವು ತರಲಿಲ್ಲ. ಆರು ಕಂಬಳಿಗಳನ್ನೂ ಹನ್ನೆರಡರ ಲೆಕ್ಕದಲ್ಲಿ ಅಲ್ಲೇ ಕೊಟ್ಟು ಬಂದದ್ದರಿಂದ ಗಂಟು ಹಗುರಾಗಿತ್ತು. ಕೆಂಚಮ್ಮ ಕುರ್ಚಿಯ ಮೇಲೆ ಕಾಲು ಮಡಚಿ ಕುಳಿತು, ಫೋನಿನಲ್ಲಿ ಅಂಗಡಿಯ ಪುಟ ತೆರೆದು ಬಹಳ ಹೊತ್ತು ಏನೋ ಬರೆದಳು, ಅಳಿಸಿದಳು, ಮತ್ತೆ ಬರೆದಳು. ಆಮೇಲೆ ತಪ್ಪಿದ್ದರೆ ತಿದ್ದಿ ಎಂದು ನನ್ನ ಕೈಗೆ ಕೊಟ್ಟಳು. ಹೀಗಿತ್ತು:

"ಹತ್ತೊಂಬತ್ತು ಕಂಬಳಿ, ಈಗ ಮಗ್ಗದ ಮೇಲಿವೆ. ಆಸ್ಟ್ರಿಯಾ ದೇಶದಲ್ಲಿ ಇವನ್ನು ಕೊಳ್ಳುತ್ತೇವೆ ಎಂದಿದ್ದರು. ಅವರಿಗೆ ಅದು ಆಟವಾಗಿತ್ತು. ನಮಗಲ್ಲ. ನಾವು ಒಪ್ಪಿದ್ದರಿಂದ ನೇಯುತ್ತಿದ್ದೇವೆ. ಬೇಕಾದವರು ತೆಗೆದುಕೊಳ್ಳಿ."

ನಾನು ಒಂದು ಕೊಂಬು ತಿದ್ದಿದೆ. ಬೇರೇನೂ ಮುಟ್ಟಲಿಲ್ಲ. ಆದರೂ ಮೇಷ್ಟ್ರ ಬುದ್ಧಿ ಎಲ್ಲಿ ಹೋಗುತ್ತದೆ? ಹತ್ತೊಂಬತ್ತು ಬೇಗ ಹೋಗಬೇಕಾದರೆ ಬೆಲೆ ಸ್ವಲ್ಪ ಇಳಿಸಮ್ಮ, ಒಬ್ಬರು ಬೇಡ ಅಂದ ಸಾಮಾನು ಅಲ್ಲವೇ, ಎಲ್ಲ ಅಂಗಡಿಯವರೂ ಇಳಿಸುತ್ತಾರೆ ಎಂದೆ.

ಕೆಂಚಮ್ಮ ಫೋನು ವಾಪಸ್ ತೆಗೆದುಕೊಂಡು, ಬೆಲೆಯ ಜಾಗದಲ್ಲಿ ಮೊದಲಿದ್ದದ್ದನ್ನೇ ಹಾಕಿ, ಗುಂಡಿ ಒತ್ತಿದಳು.

"ಯಾಕ್ ಇಳಿಸ್ಬೇಕು ಮಿಸ್? ಕಂಬಳಿ ಏನು ತಪ್ಪು ಮಾಡೈತೆ?"